ಬ್ಯಾಬಿಲೋನಿನ ಗುಮಾಸ್ತನ ಮೇಲೊಂದು ಆಕ್ಷೇಪಣೆ

ನಾನು 11 ಅಭಿನಂದನ ಗ್ರಂಥಗಳ ಸಂಪಾದಕ. ಹಾಗಾಗಿ ಇತಿಹಾಸದ ಆಕರ ಹೇಗಿರಬೇಕೆಂದು ಯಾರಿಂದಲೂ ಕಲಿಯಬೇಕಾಗಿಲ್ಲ. ಈಚೆಗೆ ಬ್ಯಾಬಿಲೋನಿನ ರಾಜವೃತ್ತಾಂತಗಳನ್ನು ಪರಿಶೀಲಿಸಿದೆ. ಕೆಲಸ ತೃಪ್ತಿಕರವಾಗಿಲ್ಲ.

ಕ್ರಿ.ಪೂ. 720ರ ದೇರ್ ಕದನವನ್ನೇ ನೋಡಿ. ಗೆದ್ದವನು ನಾನೇ ಎಂದು ಅಸ್ಸೀರಿಯದ ಎರಡನೇ ಸಾರ್ಗೋನ್ ಬರೆಸಿದ. ನಾನೇ ಎಂದು ಬ್ಯಾಬಿಲೋನಿನ ಮರ್ದುಕ್-ಅಪ್ಲ-ಇದ್ದಿನನೂ ಬರೆಸಿದ. ಎರಡೂ ಉತ್ತಮ ಆಕರಗಳು. ಒಂದೇ ಯುದ್ಧದಲ್ಲಿ ಎರಡು ಸನ್ಮಾನ ಮುಗಿಯುತ್ತಿತ್ತು. ಅಷ್ಟರಲ್ಲಿ ವೃತ್ತಾಂತದ ಲಿಪಿಕಾರ ನಡುವೆ ಬಾಯಿ ಹಾಕಿದ್ದಾನೆ. ಗೆದ್ದವನು ಎಲಾಮಿನ ದೊರೆಯಂತೆ. ಅವನ ನೆರವಿಗೆಂದು ಹೊರಟ ಬ್ಯಾಬಿಲೋನಿನ ದೊರೆ ಹೋಗಿ ಮುಟ್ಟುವಷ್ಟರಲ್ಲಿ ಕದನ ಮುಗಿದಿತ್ತಂತೆ. ಸ್ವಂತ ದೊರೆಯ ಬಗ್ಗೆ, ಬಸ್ಸು ತಪ್ಪಿಸಿಕೊಂಡವನ ಬಗ್ಗೆ ಬರೆದ ಹಾಗೆ!

ಕೈತಪ್ಪು ಎಂದುಕೊಳ್ಳೋಣವೆಂದರೆ ಇದು ಅಭ್ಯಾಸ. ಕ್ರಿ.ಪೂ. 601ರಲ್ಲಿ ಬ್ಯಾಬಿಲೋನಿನ ದೊರೆ ನೆಬುಕಡ್ನೆಜರ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ. ಎರಡೂ ಕಡೆ ಭಾರೀ ಸಾವುನೋವು. ದೊರೆ ಊರಿಗೆ ವಾಪಸು. ಮರುವರ್ಷ ಎಲ್ಲಿಗೂ ಹೋಗದೆ ರಥ-ಕುದುರೆ ಹೊಂದಿಸಿಕೊಳ್ಳುತ್ತ ನಾಡಿನಲ್ಲೇ ಉಳಿದ. ನಾನಾಗಿದ್ದರೆ ಅದನ್ನು ‘ಚಿಂತನ ವರ್ಷ’ ಎಂದು ತಿದ್ದುತ್ತಿದ್ದೆ. ಕ್ರಿ.ಪೂ. 597ರಲ್ಲಿ ಜೆರುಸಲೇಮ್ ಹಿಡಿದದ್ದಕ್ಕೂ ಕೆಲವೇ ಸಾಲು: ಅದಾರು ಮಾಸದ ಎರಡನೇ ದಿನ ನಗರ ಹಿಡಿದ, ತನಗೆ ಬೇಕಾದವನನ್ನು ದೊರೆ ಮಾಡಿದ, ಕಪ್ಪಕಾಣಿಕೆ ತಂದ. 1956ರಲ್ಲಿ ಡೊನಾಲ್ಡ್ ವೈಸ್‌ಮನ್ ಈ ವೃತ್ತಾಂತದ ಮಣ್ಣಿನ ಫಲಕವನ್ನು ಪ್ರಕಟಿಸಿದಾಗ ಖಚಿತ ತಾರೀಖು ಸಿಕ್ಕಿತೆಂದು ವಿದ್ವಾಂಸರು ಹಿಗ್ಗಿದರು. ತಾರೀಖು ಪಂಚಾಂಗದಲ್ಲೂ ಸಿಗುತ್ತದೆ.

ಇನ್ನು ಬ್ಯಾಬಿಲೋನಿನ ದೊರೆ ನಬೊನಿಡಸನ ವೃತ್ತಾಂತ. ಅದು ಹಾಜರಿ ಪುಸ್ತಕ. ಏಳನೇ ವರ್ಷ: ದೊರೆ ತೇಮಾದಲ್ಲಿದ್ದಾನೆ, ಬ್ಯಾಬಿಲೋನಿಗೆ ಬರಲಿಲ್ಲ, ಹೊಸವರ್ಷದ ಅಕೀತು ಹಬ್ಬ ನಡೆಯಲಿಲ್ಲ. ಒಂಬತ್ತು, ಹತ್ತು, ಹನ್ನೊಂದನೇ ವರ್ಷಗಳಿಗೂ ಅದೇ ಷರಾ. ಎಂಟನೇ ವರ್ಷದ ಎದುರು ಮಾತ್ರ ಏನೂ ಬರೆಯದೆ ಜಾಗ ಬಿಟ್ಟಿದ್ದಾನೆ. ಇಡೀ ಫಲಕದಲ್ಲಿ ಸಂಪಾದಕೀಯ ವಿವೇಕ ಕಂಡದ್ದು ಅಲ್ಲೊಂದೇ ಕಡೆ.

ಆದರೂ ನಿರಾಶರಾಗಬೇಕಿಲ್ಲ. ವೈಡ್ನರ್ ವೃತ್ತಾಂತ ಎಂಬುದೊಂದಿದೆ. ಅದರಲ್ಲಿ ಸಿದ್ಧಾಂತವೂ ಇದೆ. ರಾಜ್ಯಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ? ಮೀನಿನಿಂದ. ಮರ್ದುಕನ ಎಸಗಿಲ ಗುಡಿಗೆ ಮೀನು ಸಲ್ಲಿಸಿದವರು ಉಳಿದರು, ಅಡ್ಡಿಪಡಿಸಿದವರು ಅಳಿದರು. ಹೆಂಡದಂಗಡಿಯ ಕುಬಾಬ ಮೀನುಗಾರನಿಗೆ ರೊಟ್ಟಿ-ನೀರು ಕೊಟ್ಟು, ಮೀನನ್ನು ಗುಡಿಗೆ ಮುಟ್ಟಿಸಿದಳು; ಮರ್ದುಕ್ ಅವಳಿಗೆ ಸಕಲ ದೇಶಗಳ ಒಡೆತನ ಕೊಟ್ಟ. ಆ ಕಾಲಕ್ಕೆ ಮರ್ದುಕ್ ಅಂಥ ದೊಡ್ಡ ದೇವರೇ ಆಗಿರಲಿಲ್ಲವೆಂದು ಇತಿಹಾಸಕಾರರು ಗೊಣಗುತ್ತಾರೆ. ಕಾರಣ ಇಷ್ಟು ಸ್ಪಷ್ಟವಿರುವಾಗ ಕಾಲವನ್ನು ಹಿಡಿದು ಜಗ್ಗಾಡುವುದು ಸಣ್ಣತನ.

ಕೊನೆಯದಾಗಿ ಇಸಿನ್‌ನ ದೊರೆ ಎರ್ರ-ಇಮಿತ್ತಿ. ಅವನು ತೋಟಗಾರ ಎನ್ಲಿಲ್-ಬಾನಿಗೆ ಕಿರೀಟ ತೊಡಿಸಿ ಬದಲಿ ದೊರೆಯಾಗಿ ಕೂರಿಸಿದ. ಅಪಶಕುನದ ಕೇಡು ಬದಲಿಯವನಿಗೆ ತಟ್ಟಲಿ ಎಂಬುದು ಇಂಥ ಏರ್ಪಾಟಿನ ಉದ್ದೇಶ. ಆದರೆ ಬಿಸಿ ಗಂಜಿ ಗುಟುಕರಿಸುತ್ತ ಅರಮನೆಯಲ್ಲೇ ತೀರಿಕೊಂಡವನು ಅಸಲಿ ದೊರೆ. ತೋಟಗಾರ ಸಿಂಹಾಸನದಿಂದ ಇಳಿಯಲಿಲ್ಲ. 24 ವರ್ಷ ಆಳಿದ. ಗಂಜಿ ಬಡಿಸಿದವರು ಯಾರು ಎಂಬುದನ್ನು ಲಿಪಿಕಾರ ಬರೆದಿಲ್ಲ.

‘ಎನ್ಲಿಲ್-ಬಾನಿ ಅಭಿನಂದನ ಗ್ರಂಥ’ಕ್ಕೆ ಲೇಖನಗಳನ್ನು ಆಹ್ವಾನಿಸಿದ್ದೇನೆ. ತೋಟಗಾರಿಕೆಯ ಬಗ್ಗೆ ಎಷ್ಟು ಪುಟ ಬೇಕಾದರೂ ಬರೆಯಬಹುದು. ಅಡುಗೆಮನೆಯ ವಿಷಯ ಬೇಡ.