ಕರೆಗಂಟೆ ಇಲ್ಲದ ಸಾಹೇಬರು

ಸರ್ಕಾರಿ ಕಚೇರಿಯಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದು 60ನೆಯ ವಯಸ್ಸಿಗೆ ನಿವೃತ್ತರಾಗುವ ಅಧಿಕಾರಿಗಳು ಬೀಳ್ಕೊಡುಗೆಯ ದಿನ ಹಾರ, ಶಾಲು ಮತ್ತು ಗಾಜಿನ ಪೆಟ್ಟಿಗೆಯೊಳಗಿನ ಗಂಧದ ಗಣಪತಿಯನ್ನು ಮನೆಗೆ ತರುತ್ತಾರಾದರೂ, ಮೇಜಿನ ಮೇಲಿದ್ದ ಕರೆಗಂಟೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಬೇಕಾಗುತ್ತದೆ. ಆ ಗಂಟೆಯ ಸದ್ದಿಗೆ ಬಾಗಿಲಲ್ಲಿ ಕಾಣಿಸಿಕೊಂಡು, ಹೇಳಿದ್ದಕ್ಕೆಲ್ಲ ‘ಆಯ್ತು ಸಾರ್’ ಎಂದು ತಲೆಯಾಡಿಸಿ, ಹೇಳಿದ್ದರಲ್ಲಿ ಕಾಲುಭಾಗವನ್ನಷ್ಟೇ ಮಾಡುತ್ತಿದ್ದ ಜವಾನನೂ ಅಲ್ಲಿಯೇ ಉಳಿಯುತ್ತಾನೆ. ಈ ಕೊರತೆಯನ್ನು ಮಗಳು ಕೊಡಿಸಿದ ಸ್ಮಾರ್ಟ್‌ಫೋನಿನಿಂದ ತುಂಬಿಕೊಂಡವರದೇ ಒಂದು ಪ್ರತ್ಯೇಕ ವರ್ಗವಾಗಿದ್ದು, ಜಯನಗರದಿಂದ ಕುವೆಂಪುನಗರದವರೆಗೆ ಎಲ್ಲ ಉದ್ಯಾನಗಳ ಕಲ್ಲುಬೆಂಚುಗಳ ಮೇಲೂ ಇವರು ಕಾಣಸಿಗುತ್ತಾರೆ. ಅನುಕೂಲಕ್ಕಾಗಿ ಈ ವರ್ಗದ ಪ್ರತಿನಿಧಿಯನ್ನು ಇಲ್ಲಿ ‘ರಾಯರು’ ಎಂದು ಕರೆಯಲಾಗಿದೆ.

ಧ್ವನಿ ಸಹಾಯಕ ಎಂದರೆ ಆಡಿದ ಮಾತನ್ನು ಅಕ್ಷರಕ್ಕಿಳಿಸಿ, ಅದರೊಳಗಿನ ಬೇಡಿಕೆಯನ್ನು ಗುರುತಿಸಿ, ಕೆಲಸ ಮುಗಿಸಿ, ಮಾತಿನಲ್ಲೇ ವರದಿ ಒಪ್ಪಿಸುವ ತಂತ್ರಾಂಶ. ‘ಓಕೆ ಗೂಗಲ್’ ಎಂಬಂತಹ ಗೊತ್ತಾದ ಕೂಗೊಂದನ್ನು ಕೇಳಿದಾಗ ಮಾತ್ರ ಅದು ಕೆಲಸಕ್ಕೆ ನಿಲ್ಲುತ್ತದೆ. ಉಳಿದ ಹೊತ್ತು ಅದರ ಕಿವಿ ಆ ಒಂದು ಕೂಗಿಗಷ್ಟೇ ತೆರೆದಿರುತ್ತದೆ. ಇದನ್ನು ವಿವರಿಸಲು ಮೊಮ್ಮಗನಿಗೆ ಅರ್ಧ ಗಂಟೆ ಬೇಕಾಯಿತಾದರೂ ರಾಯರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು, ಏಕೆಂದರೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ತೂಕಡಿಸುತ್ತಾ ಗಂಟೆಯೊಂದಕ್ಕಲ್ಲದೆ ಬೇರಾವುದಕ್ಕೂ ಕಣ್ಣು ತೆರೆಯದ ವ್ಯಕ್ತಿಯನ್ನು ಅವರು ಸೇವಾವಧಿಯುದ್ದಕ್ಕೂ ಕಂಡವರು.

ಈ ಯಂತ್ರದ ವಂಶಾವಳಿಯೂ ಅವರಿಗೆ ಅಪರಿಚಿತವೆನಿಸುವುದಿಲ್ಲ. 1962ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಿಶ್ವಮೇಳದಲ್ಲಿ ಐಬಿಎಂ ಸಂಸ್ಥೆ ಪ್ರದರ್ಶಿಸಿದ ‘ಷೂಬಾಕ್ಸ್’ ಎಂಬ ಪೆಟ್ಟಿಗೆಗೆ ಒಟ್ಟು 16 ಪದಗಳಷ್ಟೇ ತಿಳಿಯುತ್ತಿದ್ದವು, ಅವುಗಳಲ್ಲಿ ಹತ್ತು ಬರಿಯ ಅಂಕಿಗಳು. ಇದು ಅತ್ಯಲ್ಪವೆಂದು ತಂತ್ರಜ್ಞರು ಭಾವಿಸಬಹುದು. ಆದರೆ ‘ಫೈಲು ಎಲ್ಲಿ’, ‘ಕಾಫಿ ತಾ’, ‘ನಾಳೆ ಬರಲಿ’ ಎಂಬ ಆರೇ ಪದಗಳಲ್ಲಿ ಇಡೀ ವಿಭಾಗವನ್ನು ನಡೆಸಿದ ರಾಯರ ದೃಷ್ಟಿಯಲ್ಲಿ ಅದು ಸಾಕಷ್ಟು ವಿದ್ಯಾವಂತ ಪೆಟ್ಟಿಗೆಯೇ ಸರಿ. 2011ರಲ್ಲಿ ಆ್ಯಪಲ್‌ನ ‘ಸಿರಿ’, 2016ರಲ್ಲಿ ‘ಗೂಗಲ್ ಅಸಿಸ್ಟೆಂಟ್’ ಬಂದಾಗಲೂ ವಿಚಲಿತರಾಗದ ಅವರು, 2017ರಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್ ಸೌಲಭ್ಯ ಕನ್ನಡಕ್ಕೂ ದೊರೆತ ಮೇಲಷ್ಟೇ ಫೋನನ್ನು ಸೇವೆಗೆ ಸೇರಿಸಿಕೊಂಡರು.

ಉಪಯೋಗಗಳು ನಿಜಕ್ಕೂ ಹಲವು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೆ ಅಂಗೈಯಗಲದ ಪರದೆಯಲ್ಲಿ ಒತ್ತಕ್ಷರ ಮೂಡಿಸುವುದು ಸಾಸಿವೆ ಕಾಳಿನ ಮೇಲೆ ಸಹಿ ಹಾಕಿದಷ್ಟು ಕಷ್ಟವಾದ್ದರಿಂದ, ಬಾಯಲ್ಲಿ ಹೇಳಿದ್ದು ತಾನೇ ಬರಹವಾಗುವುದು ಅವರಿಗೆ ಬಹುದೊಡ್ಡ ಅನುಕೂಲ. ಕರೆಂಟು ಹೋದಾಗ ಟಾರ್ಚ್ ಹಚ್ಚುವುದು, ಇಡ್ಲಿ ಬೇಯಲಿಟ್ಟ 12 ನಿಮಿಷವನ್ನು ಎಣಿಸುವುದು, ಊಟದ ಕೈಯಲ್ಲೇ ಮಗಳಿಗೆ ಫೋನ್ ಹಚ್ಚುವುದು, ಪಿಂಚಣಿದಾರರು ತಾವು ಬದುಕಿದ್ದೇವೆಂದು ಸಾಬೀತುಪಡಿಸಬೇಕಾದ ನವೆಂಬರ್ ತಿಂಗಳನ್ನು ಜ್ಞಾಪಿಸುವುದು, ಇವೆಲ್ಲವೂ ಮಾತಿನಲ್ಲೇ ಆಗುತ್ತವೆ.

ತೊಂದರೆ ಬರುವುದು ಉಕ್ತಲೇಖನದಲ್ಲಿ. ಶೀಘ್ರಲಿಪಿಗಾರರಿಗೆ ಹೇಳಿ ಬರೆಸುತ್ತಿದ್ದ ಅಭ್ಯಾಸಬಲದಿಂದ ರಾಯರು ವಾಕ್ಯದ ಕೊನೆಯಲ್ಲಿ ವಿರಾಮಚಿಹ್ನೆಯನ್ನೂ ಉಚ್ಚರಿಸುತ್ತಾರೆ. ಶೀಘ್ರಲಿಪಿಗಾರ ಅದನ್ನು ಚಿಹ್ನೆಯಾಗಿ ಹಾಕುತ್ತಿದ್ದರೆ, ಫೋನು ಅದನ್ನು ಮಾತಾಗಿಯೇ ಬರೆದುಬಿಡುತ್ತದೆ. ಹೀಗಾಗಿ ಬೀಗರ ಮನೆಯ ಮದುವೆಗೆ ಹೋದ ಶುಭಾಶಯವು ‘ನವದಂಪತಿಗಳ ಬಾಳು ಸುಖಮಯವಾಗಿರಲಿ ಪೂರ್ಣವಿರಾಮ ಕೊತ್ತಂಬರಿ ಸೊಪ್ಪು ಇವತ್ತೂ ಮರೆತಿರಾ’ ಎಂದು ಮುಗಿದಿತ್ತು. ಉತ್ತರಾರ್ಧವು ಅಡುಗೆಮನೆಯಿಂದ ಬಂದದ್ದೆಂಬುದು ಬೀಗರಿಗೆ ತಿಳಿಯುವಂತಿರಲಿಲ್ಲ. ‘ಶ್ರೀನಿವಾಸನಿಗೆ ಫೋನ್ ಮಾಡು’ ಎಂಬ ಆಜ್ಞೆಯೂ ಅಷ್ಟು ಸರಳವಲ್ಲ. ಬೀಗರು ಶ್ರೀನಿವಾಸ, ಪ್ಲಂಬರ್ ಶ್ರೀನಿವಾಸ, ಶ್ರೀನಿವಾಸ ಹಳೇ ನಂಬರ್ ಎಂದು ಫೋನಿನಲ್ಲಿ ನಾಲ್ಕಾರು ಮಂದಿ ಇರುವುದರಿಂದ ಅದು ‘ಯಾವ ಶ್ರೀನಿವಾಸ’ ಎಂದು ವಿನಯದಿಂದಲೇ ಕೇಳುತ್ತದೆ, ಮತ್ತು ಅಧೀನರು ಎದುರು ಪ್ರಶ್ನೆ ಹಾಕುವುದನ್ನು ಸೇವೆಯಲ್ಲಿದ್ದಾಗಲೂ ಸಹಿಸದ ರಾಯರು ‘ಗೊತ್ತಿಲ್ವೇ ಅಷ್ಟೂ’ ಎಂದು ಗದರುತ್ತಾರೆ. ಒಮ್ಮೆ ಈ ಗದ್ದಲದಲ್ಲಿ ಬೆಳಗಿನ ಆರು ಗಂಟೆಗೆ ಪ್ಲಂಬರಿಗೆ ಕರೆ ಹೋಗಿ, ಬೀಗರಿಗೆಂದು ಸಿದ್ಧಪಡಿಸಿಕೊಂಡಿದ್ದ ಕ್ಷಮಾಪಣೆಯನ್ನೆಲ್ಲ ಆತನೇ ಕೇಳಿಸಿಕೊಂಡು, ಮನಕರಗಿ, ಮೂರು ವಾರದಿಂದ ಸೋರುತ್ತಿದ್ದ ನಲ್ಲಿಯನ್ನು ಅಂದೇ ಬಂದು ಸರಿಪಡಿಸಿದ್ದುಂಟು.

ಏಕವಚನವೋ ಬಹುವಚನವೋ ಎಂಬ ಪ್ರಶ್ನೆಯೂ ಈ ವರ್ಗವನ್ನು ಕಾಡಿದೆ. ಜವಾನನೆಂದು ಭಾವಿಸಿದರೆ ‘ನೀನು’ ಸಲ್ಲುತ್ತದೆ. ಆದರೆ ಉತ್ತರ ಬರುವುದು ಹೆಣ್ಣುದನಿಯಲ್ಲಿ, ಅದೂ ‘ನಿಮಗೆ ಹೇಗೆ ಸಹಾಯ ಮಾಡಲಿ’ ಎಂಬ ಮರ್ಯಾದೆಯಲ್ಲಿ. ಆದ್ದರಿಂದ ರಾಯರು ‘ನೋಡಮ್ಮಾ’ ಎಂಬ ಮಧ್ಯಮಮಾರ್ಗವನ್ನು ಹಿಡಿದಿದ್ದಾರೆ. ಬರಬರುತ್ತಾ ಅವರ ಭಾಷೆಯೇ ಬದಲಾಗಿದೆ: ತೊಗರಿ ಬೇಳೆಯ ಬೆಲೆ ಕೇಳಲು ಹೋಗಿ ದೀರ್ಘವೂ ಳಕಾರವೂ ಜಾರಿ ತೊಗರಿ ಬೆಲೆಯ ಬೆಲೆ ಕೇಳಿದಂತಾಗಿ, ಹಾಲು ಎಂದದ್ದು ಹಕಾರ ತಗ್ಗಿ ಆಲೂಗಡ್ಡೆಯ ಪಲ್ಯದ ವಿಧಾನವನ್ನು ತಂದ ಮೇಲೆ, ಅವರು ಒಂದೊಂದು ಅಕ್ಷರವನ್ನೂ ಬಿಡಿಸಿ, ಒಂದನೆಯ ತರಗತಿಯ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವವರಂತೆ ನುಡಿಯುತ್ತಾರೆ. ಮೂವತ್ತು ವರ್ಷ ಯಾರ ಟಿಪ್ಪಣಿಯನ್ನೂ ಒಂದೇ ಸಲಕ್ಕೆ ಒಪ್ಪದವರು ಈಗ ತಮ್ಮ ಮಾತು ಒಂದೇ ಸಲಕ್ಕೆ ಒಪ್ಪಿಗೆಯಾದರೆ ಹಿಗ್ಗುತ್ತಾರೆ.

ಸಹಾಯಕನೆಂದು ನೇಮಕಗೊಂಡದ್ದು ಮೇಲಧಿಕಾರಿಯಾಗುವುದಕ್ಕೆ ಹೀಗೆ ಹೆಚ್ಚು ಕಾಲ ಹಿಡಿಯುವುದಿಲ್ಲ. ಬೆಳಗಿನ ಐದೂವರೆಗೆ ಎಬ್ಬಿಸಬೇಕೆಂದು ರಾತ್ರಿ ರಾಯರೇ ಆಜ್ಞೆ ಕೊಟ್ಟಿರುತ್ತಾರೆ. ಅದು ನಿಮಿಷ ತಪ್ಪದೆ ಕೂಗಿ, ವಾಕಿಂಗ್ ಇದೆಯೆಂದೂ ಬಿಪಿ ಮಾತ್ರೆ ನುಂಗಬೇಕೆಂದೂ ಜ್ಞಾಪಿಸುತ್ತದೆ. ರಗ್ಗಿನೊಳಗಿಂದ ಒಂದು ಕೈ ಹೊರಬಂದು ಪರದೆಯನ್ನು ತಡವುತ್ತದೆ, ‘ಆಯ್ತಮ್ಮಾ’ ಎಂಬ ದನಿ ಕೇಳಿಸುತ್ತದೆ, ರಗ್ಗು ಮತ್ತೆ ತಲೆಯವರೆಗೆ ಏರುತ್ತದೆ. ಆ ಹಳೆಯ ಜವಾನನು ಆ ಹೊತ್ತಿಗೆ ಅಲ್ಲಿದ್ದಿದ್ದರೆ, ಆ ‘ಆಯ್ತು’ವಿನ ಸರಿಯಾದ ಅರ್ಥವನ್ನು ಫೋನಿಗೆ ಆತನೇ ವಿವರಿಸಿ ಹೇಳಬಹುದಿತ್ತು.