ಇತ್ತ ನಾವೆಲ್ಲ ಕ್ಷೇಮ, ಅತ್ತ ಫೈಲೂ ಕ್ಷೇಮ

ಇವರಿಗೆ,
ಸಂಚಾಲಕರು, ವಿದ್ಯಾರ್ಥಿ ಕ್ಷೇಮ ಕೋಶ
(ಪ್ಲೇಸ್‌ಮೆಂಟ್, ಶಿಸ್ತು ಸಮಿತಿ ಮತ್ತು ಪಾರ್ಕಿಂಗ್ ವಿಭಾಗದ ಹೆಚ್ಚುವರಿ ಪ್ರಭಾರ)

ಇಂದ,
ಆರನೇ ಸೆಮಿಸ್ಟರಿನ ಒಬ್ಬ ಹಾಸ್ಟೆಲ್ ವಿದ್ಯಾರ್ಥಿನಿ

ವಿಷಯ: ಆರೋಗ್ಯ ಸಪ್ತಾಹದ ಅಭೂತಪೂರ್ವ ಯಶಸ್ಸಿಗೆ ಅಭಿನಂದನೆ, ಹಾಗೂ ಸೋಪು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇತ್ತ ಹಾಸ್ಟೆಲಿನಲ್ಲಿ ನಾವೆಲ್ಲ ಕ್ಷೇಮ. ಅತ್ತ ತಮ್ಮ ಫೈಲೂ ಕ್ಷೇಮವಾಗಿದೆ ಎಂದು ನಂಬಿದ್ದೇವೆ. ಸಪ್ತಾಹ ಮುಗಿದ ಮೇಲೆ ನಮ್ಮ ಕಾಲೇಜಿನ ಆರೋಗ್ಯ ಎಷ್ಟು ಸುಧಾರಿಸಿದೆಯೆಂದರೆ, ಅದಕ್ಕೀಗ ಸ್ವಂತದ್ದೊಂದು ಲೋಗೊ ಇದೆ.

ಉದ್ಘಾಟನೆಯ ದಿನವನ್ನು ಮರೆಯುವ ಹಾಗಿಲ್ಲ. ‘ಒತ್ತಡ ನಿರ್ವಹಣೆ’ ಕುರಿತು ಮಾತಾಡಬೇಕಿದ್ದ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡಕ್ಕೆ ಶುರುವಾಯಿತು. ಅಲ್ಲಿಯತನಕ ಯಾರೂ ಎದ್ದು ಹೋಗದಂತೆ ಆಡಿಟೋರಿಯಮ್ಮಿನ ಎರಡೂ ಬಾಗಿಲಿಗೆ ಒಬ್ಬೊಬ್ಬ ಮೇಷ್ಟ್ರನ್ನು ನಿಲ್ಲಿಸಿದಿರಿ. ಒತ್ತಡ ಎಂದರೇನೆಂಬುದು ಭಾಷಣಕ್ಕೆ ಮುಂಚೆಯೇ ನಮಗೆ ಮನದಟ್ಟಾಯಿತು, ಅದರಲ್ಲೂ ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಬಂದವರಿಗೆ. ಆಮೇಲೆ ಗಣ್ಯರು ಗಿಡಕ್ಕೆ ನೀರೆರೆದರು. ಆ ದಿನ ನಮ್ಮ ಬ್ಲಾಕಿನಲ್ಲಿ ಕುಡಿಯುವ ನೀರು ಸಿಕ್ಕ ಜೀವವೆಂದರೆ ಆ ಗಿಡ ಒಂದೇ. ಅತಿಥಿಗಳಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಪ್ಲಾಸ್ಟಿಕ್ ಹಾಳೆಯೊಳಗೆ ಮಿನುಗುತ್ತಿದ್ದ ಸೇಬು, ಕಿತ್ತಳೆ, ಒಂದು ಗೊಂಚಲು ಕಪ್ಪು ದ್ರಾಕ್ಷಿಯನ್ನು ಮೊದಲ ಸಾಲಿನವರು ಕಣ್ತುಂಬಿಕೊಂಡರು. ಈ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿನೊಳಗೆ ನಮಗಾದ ಹಣ್ಣಿನ ದರ್ಶನ ಅಷ್ಟೇ.

ಯೋಗ ಪ್ರದರ್ಶನದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅಂತರರಾಷ್ಟ್ರೀಯ ಯೋಗ ದಿನ ಮೊದಲು ನಡೆದದ್ದು 2015ರ ಜೂನ್ 21ರಂದು. ಅಲ್ಲಿಂದ ಇಲ್ಲಿಯವರೆಗೆ ಸೂರ್ಯನಿಗೆ ಬೆನ್ನು ಹಾಕಿ ಸೂರ್ಯನಮಸ್ಕಾರ ಮಾಡಿದ ಕೀರ್ತಿ ಬಹುಶಃ ನಮಗೇ ಸಲ್ಲಬೇಕು. ಏನು ಮಾಡುವುದು, ವೇದಿಕೆ ಪಶ್ಚಿಮಕ್ಕಿತ್ತು, ಸೂರ್ಯ ಅತ್ತ ಬರಲು ಒಪ್ಪಲಿಲ್ಲ. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಫೋಟೊಗಳಿಗೆ ಜಿಯೋಟ್ಯಾಗ್ ಇಲ್ಲವೆಂದು ತಿಳಿದು, ಹನ್ನೆರಡೂ ಆಸನಗಳನ್ನು ಮೊದಲಿನಿಂದ ಹಾಕಿಸಿದಿರಿ. ಅಕ್ಷಾಂಶ, ರೇಖಾಂಶ ನಮೂದಾಗದ ಆರೋಗ್ಯ ನ್ಯಾಕ್ ಸಮಿತಿಯ ಕಣ್ಣಿಗೆ ಬೀಳುವುದಿಲ್ಲವಂತೆ. ಕಾಲೇಜಿನ ‘ಉತ್ತಮ ಅಭ್ಯಾಸ’ಗಳು ಎಂದು ಎರಡನ್ನು ಬರೆದು ಕೊಡಬೇಕಲ್ಲ, ಅದರಲ್ಲಿ ಒಂದು ಭರ್ತಿಯಾಯಿತು. ಮರುದಿನ ಬಂದ ಫೀಡ್‌ಬ್ಯಾಕ್ ಫಾರಂನಲ್ಲಿ ‘ಎಕ್ಸಲೆಂಟ್’ ಒತ್ತದೆ ಸರ್ಟಿಫಿಕೇಟ್ ಇಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿಕ್ರಿಯೆ ಏಕಕಂಠದಿಂದ ಅತ್ಯುತ್ತಮವಾಗಿ ಬಂದಿದೆ.

ಸಿಲಬಸ್ಸಿನಲ್ಲೂ ನಮಗೆ ಆರೋಗ್ಯದ ಕೊರತೆಯಿಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೇ ‘ಸೈಂಟಿಫಿಕ್ ಫೌಂಡೇಷನ್ಸ್ ಆಫ್ ಹೆಲ್ತ್’ ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ. ಪರೀಕ್ಷೆ ಒಂದು ಗಂಟೆ, 50 ಬಹು ಆಯ್ಕೆಯ ಪ್ರಶ್ನೆ. ಒಳ್ಳೆಯ ವಿಷಯವೇ: ಆಹಾರ, ಅಭ್ಯಾಸ, ಚಟ, ಅಂಟುರೋಗ ಎಲ್ಲವೂ ಅದರಲ್ಲಿವೆ. ನಮ್ಮಲ್ಲಿ ಅದನ್ನು ಓದುವ ಕ್ರಮವನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತೇನೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡರ ತನಕ ಎದ್ದಿದ್ದು, ಸೀನಿಯರ್ ಕಳಿಸಿದ ಪಿಡಿಎಫ್ ತೆರೆದು, ಯುವಜನರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕೆಂದು ಬಾಯಿಪಾಠ ಮಾಡುವುದು. ನಾಲ್ಕು ಗಂಟೆ ಮಲಗುವುದು. ತಿಂಡಿ ಬಿಟ್ಟು ಪರೀಕ್ಷೆಗೆ ಓಡಿ, ಬೆಳಗಿನ ತಿಂಡಿ ಬಿಡಬಾರದು ಎಂಬ ಉತ್ತರಕ್ಕೆ ಗುರುತು ಹಾಕುವುದು. ಎಲ್ಲರೂ ಪಾಸು.

ತಿಂಡಿ ಯಾಕೆ ಬಿಡುತ್ತೀರಿ ಎಂದು ತಾವು ಕೇಳಬಹುದು. ಮೆಸ್ ಬಾಗಿಲು ತೆಗೆಯುವುದು ಎಂಟಕ್ಕೆ, ಮೊದಲ ಪೀರಿಯಡ್ ಎಂಟೂವರೆಗೆ, ಮಧ್ಯೆ ಇಡೀ ಹಾಸ್ಟೆಲಿನ ಸಾಲು. ಸಾಲು ಕರಗಿದ ಮೇಲೆ ಸಿಗುವುದಾದರೂ ಏನು? ಸೋಮವಾರ ಚಿತ್ರಾನ್ನ, ಮಂಗಳವಾರ ಟೊಮೆಟೊ ಬಾತ್, ಬುಧವಾರ ಪುಳಿಯೋಗರೆ, ಗುರುವಾರ ಮತ್ತೆ ಚಿತ್ರಾನ್ನ, ಈ ಸಲ ಮಾವಿನಕಾಯಿ ಹೆಸರಿನಲ್ಲಿ. ಅನ್ನ ಅದೇ, ಬಣ್ಣ ಬೇರೆ. ಶುಕ್ರವಾರ ಉಪ್ಪಿಟ್ಟು, ಅದರ ಅಡ್ಡಹೆಸರು ತಮಗೂ ಗೊತ್ತಿರುವ ‘ಕಾಂಕ್ರೀಟ್’. ಸಿವಿಲ್ ವಿಭಾಗದ ಗೆಳತಿಯೊಬ್ಬಳು ತಟ್ಟೆ ಬೋರಲು ಹಾಕಿ ಸ್ಲಂಪ್ ಟೆಸ್ಟ್ ಮಾಡಿ ನೋಡಿದ್ದಾಳೆ: ಕುಸಿತ ಸೊನ್ನೆ. ಮೆಸ್ ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಬಲ್ಲವರು ಊಟ ಮಾಡುವುದು ಎಲ್ಲಿ ಎಂದು ಬರೆಸಿಲ್ಲ. ಸ್ಟಾಫ್ ಕ್ಯಾಂಟೀನಿನ ಕಡೆಗೆ ಒಂದು ಬಾಣದ ಗುರುತಾದರೂ ಹಾಕಿಸಬಹುದಿತ್ತು.

ಮೆಸ್ಸಿನಲ್ಲಿ ಕೊರತೆಯಿಲ್ಲದೆ ಸಿಗುವುದು ಕಾಫಿ ಮಾತ್ರ, ಅದೂ ತಿಂಡಿಯ ಜೊತೆಯಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಊಟ-ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ-ಟೀ ಬೇಡ ಎನ್ನುತ್ತದೆ. ಅವುಗಳ ಟ್ಯಾನಿನ್ ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧದ ಆಸುಪಾಸು ಮಂದಿಗೆ ರಕ್ತಹೀನತೆ. ಸಪ್ತಾಹದಲ್ಲಿ ಬಿಪಿ, ಶುಗರ್ ನೋಡಿದಿರಿ, ಹೀಮೋಗ್ಲೋಬಿನ್ ನೋಡಲಿಲ್ಲ. ರಕ್ತದಾನ ಶಿಬಿರದಲ್ಲಿ ಸಾಲುಗಟ್ಟಿ ನಿಂತ ಹುಡುಗಿಯರಲ್ಲಿ ಬಹಳಷ್ಟು ಮಂದಿಯನ್ನು ‘ನಿಮಗೇ ರಕ್ತ ಸಾಲದು’ ಎಂದು ವಾಪಸ್ ಕಳಿಸಿದಾಗಲೇ ವಿಷಯ ಹೊರಬಿದ್ದದ್ದು. ಅದರ ಫೋಟೊ ತೆಗೆದ ಹಾಗೆ ಕಾಣಲಿಲ್ಲ.

ನಮ್ಮವರೇನೂ ಸಾಚಾಗಳಲ್ಲ ಎಂಬುದನ್ನೂ ನಿವೇದಿಸಿಕೊಳ್ಳುತ್ತೇನೆ. ಅದೇ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎನ್ನುತ್ತದೆ. 150 ಮಿಲಿಲೀಟರಿನ ಒಂದು ಲೋಟ ಡಿಕಾಕ್ಷನ್ ಕಾಫಿಯಲ್ಲೇ 80ರಿಂದ 120 ಮಿಲಿಗ್ರಾಂ ಇರುತ್ತದೆ. ಇಂಟರ್ನಲ್ಸ್ ವಾರದಲ್ಲಿ ಈ ಲೆಕ್ಕ ಮಧ್ಯಾಹ್ನಕ್ಕೇ ಮುಗಿದು, ರಾತ್ರಿ ಎನರ್ಜಿ ಡ್ರಿಂಕಿನ ಡಬ್ಬಿ ತೆರೆದುಕೊಳ್ಳುತ್ತದೆ. ಎದುರು ಬ್ಲಾಕಿನ ಹುಡುಗರು ಮನೆಯಿಂದ ಬಂದ ದುಡ್ಡಿನಲ್ಲಿ ಪ್ರೋಟೀನ್ ಪುಡಿ ಕೊಂಡು, ಮೆಸ್ಸಿನ ಬೇಳೆ ಸಾರನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ಗೇಟಿನಾಚೆಯ ಗಾಡಿಯಲ್ಲಿ ಗೋಬಿ ಮಂಚೂರಿಗೆ ಹನ್ನೊಂದು ಗಂಟೆಗೂ ಜನ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಅದರ ಕೆಂಪು ಸ್ವಲ್ಪ ಇಳಿದಿದೆ. ಈಚಿನ ವರ್ಷಗಳಲ್ಲಿ ನಮ್ಮ ಆರೋಗ್ಯದಲ್ಲಿ ಬರಿಗಣ್ಣಿಗೆ ಕಂಡ ಸುಧಾರಣೆ ಅದೊಂದೇ. ಅದಕ್ಕೆ ಗಿಡಕ್ಕೆ ನೀರೆರೆಯಬೇಕಾಗಲಿಲ್ಲ, ಒಂದು ಆದೇಶ ಸಾಕಾಯಿತು.

ಇನ್ನು ಕಾಯಿಲೆಯ ವಿಚಾರ. ಹಾಜರಾತಿ ಶೇ 85 ಇರಬೇಕು, ಕಡಿಮೆಯಾದರೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಕಂಡೋನೇಷನ್ ಕೇಳಬೇಕು. ಆದ್ದರಿಂದ ನಮ್ಮ ಕಾಲೇಜಿನಲ್ಲಿ ಜ್ವರ ಮಳೆಗಾಲಕ್ಕೆ ಬರುವುದಿಲ್ಲ, ಶಾರ್ಟೇಜ್ ಲಿಸ್ಟ್ ಅಂಟಿಸಿದ ಮರುದಿನ ಬರುತ್ತದೆ. ಬಸ್ ಸ್ಟ್ಯಾಂಡ್ ಪಕ್ಕದ ಕ್ಲಿನಿಕ್ಕಿನಲ್ಲಿ ಅದಕ್ಕೆ ‘ವೈರಲ್ ಫೀವರ್’ ಎಂದು ಮೊದಲೇ ಅಚ್ಚಾದ ನಮೂನೆ ಇದೆ. ಹೆಸರು, ತಾರೀಖು ತುಂಬಿದರೆ ಆಯಿತು. ನಿಜಕ್ಕೂ ಜ್ವರ ಬಂದವರು ಡೋಲೋ ನುಂಗಿ, ಶಾಲು ಹೊದ್ದು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಹಾಜರಾತಿ ಸಿಗುತ್ತದೆ, ಅಕ್ಕಪಕ್ಕದವರಿಗೆ ಜ್ವರ ಸಿಗುತ್ತದೆ. ಹಾಸ್ಟೆಲಿನ ಸಿಕ್ ರೂಮಿನಲ್ಲಿ ಮಲಗೋಣವೆಂದರೆ ಅಲ್ಲಿ ಜಾಗವಿಲ್ಲ; ಹಿಂದಿನ ಸಪ್ತಾಹಗಳ ಫ್ಲೆಕ್ಸುಗಳನ್ನು ಸುರುಳಿ ಸುತ್ತಿ ಮಂಚದ ಮೇಲೆ ಒಟ್ಟಿದ್ದೀರಿ.

ಮನಸ್ಸಿನ ಆರೋಗ್ಯಕ್ಕೂ ತಾವು ವ್ಯವಸ್ಥೆ ಮಾಡಿದ್ದೀರಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಕೂಡಲೇ ತಾವು ಸ್ಟಾಫ್ ರೂಮಿನ ಮೂಲೆಗೆ ಪ್ಲೈವುಡ್ ಅಡ್ಡ ಇಟ್ಟು ‘ಕೌನ್ಸೆಲಿಂಗ್ ಸೆಂಟರ್’ ಬೋರ್ಡ್ ತಗುಲಿಸಿದಿರಿ. ಅಡ್ಡದ ಈಚೆ ಮೇಷ್ಟ್ರುಗಳು ಪೇಪರ್ ತಿದ್ದುತ್ತಿರುತ್ತಾರೆ, ಆಚೆ ನಾವು ಅಳಬಹುದು. ಬಾಗಿಲ ಬಳಿ ಒಂದು ರಿಜಿಸ್ಟರ್: ಹೆಸರು, ಯುಎಸ್‌ಎನ್, ವಿಭಾಗ, ಸಮಸ್ಯೆ, ಸಹಿ. ಮೊದಲು ಬಂದವಳು ‘ಸಮಸ್ಯೆ’ ಕಾಲಂನಲ್ಲಿ ‘ಟೆನ್ಷನ್’ ಎಂದು ಬರೆದಿದ್ದಾಳೆ. ಅವಳ ಕೆಳಗೆ ಪುಟದ ಕೊನೆಯವರೆಗೂ ಡಿಟ್ಟೊ ಗುರುತು. ಒಳಗೆ ಸಮಾಲೋಚನೆಗೆ ಕೂತಿರುವವರು ನಮ್ಮ ಇಂಟರ್ನಲ್ಸ್ ಅಂಕ ಕೊಡುವ ಮೇಡಂ. ಅವರು ಒಳ್ಳೆಯವರೇ. ಆದರೆ ಟೆನ್ಷನ್ ಯಾತರದ್ದು ಎಂದು ಅವರೇ ಕೇಳಿದರೆ, ‘ನಿಮ್ಮ ಸಬ್ಜೆಕ್ಟಿನದ್ದು ಮೇಡಂ’ ಎನ್ನುವ ಧೈರ್ಯ ಯಾರಿಗಿದೆ?

ಹೆಣ್ಣುಮಕ್ಕಳ ಶೌಚಾಲಯದ ಮುಂದೆ ಪ್ಯಾಡ್ ಯಂತ್ರವಿದೆ. ಅದನ್ನು ಉದ್ಘಾಟಿಸಿದವರ ಹೆಸರಿನ ಫಲಕ ಹೊಳೆಯುತ್ತಿದೆ; ಹಾಕಿದ ನಾಣ್ಯ ಒಳಗೆ ಹೋಗುತ್ತದೆ, ಹೊರಗೆ ಏನೂ ಬರುವುದಿಲ್ಲ. ಒಳಗೆ ಸೋಪಿಲ್ಲ, ಎರಡು ಬಾಗಿಲಿಗೆ ಚಿಲಕವಿಲ್ಲ, ಮಧ್ಯಾಹ್ನದ ಮೇಲೆ ನೀರೂ ಇಲ್ಲ. ಅದಕ್ಕೇ ಬಹಳಷ್ಟು ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಸಂಜೆ ಮಾಡುತ್ತಾರೆ. ಉರಿಮೂತ್ರಕ್ಕೆ ಔಷಧ ತರುವಾಗ, ದಿನಕ್ಕೆ ಎರಡು ಲೀಟರ್ ನೀರು ಕುಡಿಯಿರಿ ಎಂಬ ತಮ್ಮ ಪೋಸ್ಟರಿನ ಮುಂದೆಯೇ ಹಾದುಹೋಗುತ್ತಾರೆ. ಕೇರಳ ಸರ್ಕಾರ 2023ರಲ್ಲೇ ತನ್ನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ದಿನಗಳ ಲೆಕ್ಕದಲ್ಲಿ ಹಾಜರಾತಿಯ ರಿಯಾಯಿತಿ ಕೊಟ್ಟಿತು. ನಮ್ಮ ರಾಜ್ಯ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನದ ಮುಟ್ಟಿನ ರಜೆಗೆ ಒಪ್ಪಿತು. ಕೆಲಸ ಸಿಕ್ಕ ಮೇಲೆ ಹೊಟ್ಟೆನೋವಿಗೆ ಮಾನ್ಯತೆ ಉಂಟು. ಓದುವಾಗ ಅದು ಶಾರ್ಟೇಜ್.

ಆದಕಾರಣ ತಮ್ಮಲ್ಲಿ ಸವಿನಯ ಬೇಡಿಕೆಗಳು ಹೀಗಿವೆ.

1. ಮೆಸ್ ಏಳೂಕಾಲಕ್ಕೆ ತೆರೆಯಲಿ. ವಾರಕ್ಕೆ ಎರಡು ದಿನ ಸೊಪ್ಪು, ಕಾಳು, ಆಗುವುದಾದರೆ ರಾಗಿ. ದಿನಕ್ಕೊಂದು ಬಾಳೆಹಣ್ಣು.

2. ಶೌಚಾಲಯಕ್ಕೆ ಸೋಪು, ಚಿಲಕ, ದಿನವಿಡೀ ನೀರು. ಮುಚ್ಚಳವಿರುವ ಕಸದ ಬುಟ್ಟಿ. ಕುಡಿಯುವ ನೀರಿನ ಫಿಲ್ಟರನ್ನು ಯಾವತ್ತು ತೊಳೆದರು ಎಂಬ ಚೀಟಿ ಅದರ ಮೇಲೇ ಇರಲಿ.

3. ಸಿಕ್ ರೂಮಿನ ಮಂಚದಿಂದ ಫ್ಲೆಕ್ಸುಗಳನ್ನು ಎಬ್ಬಿಸಿ. ಹಾಸ್ಟೆಲಿನಲ್ಲಿ ಮಲಗಿದವಳಿಗೆ ಜ್ವರವಿದೆ ಎಂದು ವಾರ್ಡನ್ ಬರೆದುಕೊಟ್ಟರೆ, ಅದನ್ನು ಬಸ್ ಸ್ಟ್ಯಾಂಡಿನ ನಮೂನೆಯಷ್ಟೇ ನಂಬಿ.

4. ಅಂಕ ಕೊಡದ, ಓದಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು, ಬಾಗಿಲು ಮುಚ್ಚುವ ಒಂದು ಕೋಣೆ, ರಿಜಿಸ್ಟರ್ ಬೇಡ.

5. ವರ್ಷಕ್ಕೊಮ್ಮೆ ಎಲ್ಲರಿಗೂ ಹೀಮೋಗ್ಲೋಬಿನ್ ಪರೀಕ್ಷೆ.

ಇವ್ಯಾವುವೂ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂಬುದು ನಮಗೆ ಗೊತ್ತು. ಚಿಲಕ ಹಾಕಿದ ಬಾಗಿಲಿನ ಮುಂದೆ ನಿಂತು ಪೇಟ ತೊಡುವುದು ಅತಿಥಿಗಳಿಗೂ ಮುಜುಗರವೇ. ಆದರೆ ಶಾಲು, ಪೇಟ, ಹಣ್ಣಿನ ಬುಟ್ಟಿಯ ಖರ್ಚನ್ನು ಒಂದು ಸಲ ಕೂಡಿ ನೋಡಿ. ಮೇಲಿನ ಪಟ್ಟಿಯ ಅರ್ಧ ಅದರಲ್ಲೇ ಮುಗಿಯುತ್ತದೆ. ಮುಂದಿನ ವರ್ಷ ಸಪ್ತಾಹ ನಡೆಯದಿದ್ದರೂ ನಾವು ಬೇಸರ ಮಾಡಿಕೊಳ್ಳುವುದಿಲ್ಲ, ಉಳಿದ ಐವತ್ತೊಂದು ವಾರ ನೆಟ್ಟಗಿದ್ದರೆ ಸಾಕು.

ಇಂತಿ ತಮ್ಮ ವಿಧೇಯ,
(ಶಿಸ್ತು ಸಮಿತಿಯೂ ತಮ್ಮದೇ ಆದ್ದರಿಂದ ಹೆಸರು ಬರೆದಿಲ್ಲ)

ವಿ.ಸೂ.: ಬಹಿರಂಗ ಪತ್ರವಾದ್ದರಿಂದ ಇದನ್ನು ಓದುತ್ತಿರುವ ಸಹಪಾಠಿಗಳಿಗೂ ಒಂದು ಮಾತು, ಇದರಲ್ಲಿ ತಮಾಷೆಯಿಲ್ಲ. ಪ್ಲೈವುಡ್ ಅಡ್ಡದಾಚೆ ಹೇಳಲಾಗದ್ದು ಮನಸ್ಸಿನಲ್ಲಿದ್ದರೆ ಕೋಣೆ ಸಿದ್ಧವಾಗಲೆಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು; ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ರೂಂಮೇಟ್ ಎರಡು ದಿನದಿಂದ ಊಟಕ್ಕೆ ಏಳದಿದ್ದರೆ, ಅವಳ ಪರವಾಗಿ ನೀವೇ ಫೋನ್ ಮಾಡಿ.