ಫ್ಲೆಕ್ಸ್ ಮೀಮಾಂಸೆ ಅಥವಾ ಖಾಲಿ ಜಾಗವೆಂಬ ದೋಷ

ಸೌಂದರ್ಯಕ್ಕೆ ಅಳತೆಪಟ್ಟಿ ಹಿಡಿದ ಪುಣ್ಯಾತ್ಮರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಬರ್ಕಾಫ್ ಪ್ರಮುಖರು. 1933ರಲ್ಲಿ ಅವರು ಕೊಟ್ಟ ಸೂತ್ರ ಇಷ್ಟೇ: ಕ್ರಮವನ್ನು ಜಟಿಲತೆಯಿಂದ ಭಾಗಿಸಿ, ಬಂದದ್ದೇ ಸೌಂದರ್ಯ. 90 ಬಹುಭುಜಗಳನ್ನು ತೂಗಿ ನೋಡಿ ಮೊದಲ ಸ್ಥಾನವನ್ನು ಚೌಕಕ್ಕೆ ಕೊಟ್ಟರು. (ಮೈಸೂರುಪಾಕು ಮಾಡುವವರಿಗೆ ಇದು ಮೊದಲೇ ಗೊತ್ತಿತ್ತು.) 2015ರಲ್ಲಿ ಪವರ್‌ಪಾಯಿಂಟಿಗೆ ಬಂದ, ಪುಟವನ್ನು ತಾನೇ ಅಂದಗೊಳಿಸುವ ಡಿಸೈನರ್ ಎಂಬ ಸೌಲಭ್ಯಕ್ಕೂ, ಅದರ ಅಣ್ಣತಮ್ಮಂದಿರಿಗೂ ಬರ್ಕಾಫ್ ಪರಿಚಯ ಇದೆಯೋ ಇಲ್ಲವೋ, ಧೋರಣೆ ಮಾತ್ರ ಅದೇ. ಚಿತ್ರ ಕತ್ತರಿಸು, ಸಾಲು ನೇರ ಮಾಡು, ಸುತ್ತ ಜಾಗ ಬಿಡು. ಈ ಸಿದ್ಧಾಂತ ನಮ್ಮ ಸರ್ಕಲ್ಲಿನ ಹುಟ್ಟುಹಬ್ಬದ ಫ್ಲೆಕ್ಸಿನೆದುರು ನಿಲ್ಲಲಾರದು ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ.

ಫ್ಲೆಕ್ಸಿನ ರಚನೆ ನೋಡಿ. ನೆತ್ತಿಯಲ್ಲಿ ಹೈಕಮಾಂಡಿನ ವೃತ್ತಗಳು, ನಡುವೆ ಕೈಮುಗಿದು ನಿಂತ ಆಳೆತ್ತರದ ಅಣ್ಣ, ಪಾದದ ಬಳಿ ‘ಶುಭ ಕೋರುವವರು’ ಎಂಬ ಸಾಲಿನಡಿ ಅಂಚೆಚೀಟಿಯಂಥ ಇಪ್ಪತ್ತೆರಡು ಮುಖಗಳು, ಎಲ್ಲರ ಹಿಂದೆ ಹೂಂಕರಿಸುವ ಸಿಂಹ. ಇಲ್ಲಿ ಮುಖದ ಗಾತ್ರವೆಂದರೆ ಪದವಿ. ತಂತ್ರಾಂಶ ಇದನ್ನು ಜಟಿಲತೆಯೆಂದು ಬಗೆದು ಎಲ್ಲರನ್ನೂ ಒಂದೇ ಅಳತೆಗೆ ತಂದರೆ, ಅದು ಸುಂದರೀಕರಣವಲ್ಲ, ಬಂಡಾಯ. ನಾಲ್ಕು ಮುಖ ತೆಗೆದು ಜಾಗ ಖಾಲಿ ಬಿಟ್ಟರಂತೂ ಆ ಖಾಲಿ ಜಾಗವನ್ನು ಎದುರು ಬಣದವರು ಚೆನ್ನಾಗಿ ಓದಬಲ್ಲರು. ಇನ್ನು ಅಕ್ಷರದ ಪಾಡು: ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ‘ಹಾರ್ದಿಕ ಶುಭಾಶಯಗಳು’ ಯೂನಿಕೋಡ್ ತಂತ್ರಾಂಶಕ್ಕೆ ಅಂಟಿಸಿದೊಡನೆ ತಲೆಗೆ ಟೋಪಿಯಿಟ್ಟ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತದೆ. ಯಂತ್ರ ಆ ಸಂತೆಯನ್ನೂ ಅಚ್ಚುಕಟ್ಟಾಗಿ ನಡುವಿಗೆ ತಂದು ನಿಲ್ಲಿಸುತ್ತದೆ. ಯೂನಿಕೋಡಿನಲ್ಲೇ ಕೊಟ್ಟರೂ ಇಂಗ್ಲಿಷಿನ ಲೆಕ್ಕದಲ್ಲಿ ಸಾಲು ಒತ್ತಿ ಹಾಕಿದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ.

‘ಇಷ್ಟು ಗಿಜಿಗಿಜಿಯಿದ್ದರೆ ಓದುವವರಾರು?’ ಎಂದು ಪೂರ್ವಪಕ್ಷಿಗಳು ಕೇಳಬಹುದು. ಫ್ಲೆಕ್ಸ್ ಓದಲಿಕ್ಕಿರುವುದಲ್ಲ, ಹುಡುಕಲಿಕ್ಕಿರುವುದು. ಇಪ್ಪತ್ತೆರಡು ಮಂದಿಯೂ ತಂತಮ್ಮ ಮುಖ ಹುಡುಕಿಕೊಂಡು, ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರೆ ವಿನ್ಯಾಸ ಸಾರ್ಥಕ. ‘ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆಯಲ್ಲ?’ ಎಂಬುದು ಎರಡನೆಯ ಆಕ್ಷೇಪ. ನಿಷೇಧವೂ ಒಂದು ಬಗೆಯ ಸ್ವಯಂಚಾಲಿತ ಸುಂದರೀಕರಣವೇ, ಒಪ್ಪೋಣ. ಒಂದೇ ಏಟಿಗೆ ಜಟಿಲತೆ ಸೊನ್ನೆಯಾಗುತ್ತದೆ. ಆದರೆ ಬರ್ಕಾಫ್ ಸೂತ್ರದಲ್ಲಿ ಜಟಿಲತೆ ಇರುವುದು ಛೇದದಲ್ಲಿ. ಸೊನ್ನೆಯಿಂದ ಭಾಗಿಸಬಾರದೆಂದು ಶಾಲೆಯ ಹುಡುಗರೂ ಬಲ್ಲರು. ಆ ಗಣಿತದೋಷ ನಿವಾರಣೆಗೆಂದೇ ಮರುದಿನ ಬೆಳಗಾಗುವುದರೊಳಗೆ ಅದೇ ಕಂಬಕ್ಕೆ ಇನ್ನೊಬ್ಬ ಅಣ್ಣ ಕೈಮುಗಿದಿರುತ್ತಾನೆ.